ವಚನಶುದ್ಧಿ

ತೇರದಾಳದ ಅಕ್ಕಮ್ಮನಿಗೆ ಗಡಿಯಾರ ನೋಡಲು ಬರುತ್ತಿತ್ತು, ಆದರೆ ಅದರ ಮೇಲೆ ನಂಬಿಕೆ ಇರಲಿಲ್ಲ. ಅವಳ ಲೆಕ್ಕವೆಲ್ಲ ಸೂರ್ಯನ ಜೊತೆ. ಹೊತ್ತು ಮುಳುಗುವ ಮುಂಚೆ ಉಣ್ಣಬೇಕು, ಮುಳುಗಿದ ಮೇಲೆ ಹನಿ ನೀರೂ ಗಂಟಲಿಗೆ ಇಳಿಯಬಾರದು. ಮದುವೆಯಾಗಿ ಬಸದಿ ಓಣಿಯ ಈ ಮನೆಗೆ ಬಂದ ವರ್ಷ ಹಿಡಿದ ನೇಮ ಅದು. ಜೈನರ ಮನೆಯಲ್ಲಿ ಇದೇನು ದೊಡ್ಡ ಸಂಗತಿಯಲ್ಲ, ಓಣಿಯ ಮುದುಕಿಯರೆಲ್ಲ ಹೀಗೇ ಇದ್ದರು. ಆದರೆ ಅಕ್ಕಮ್ಮನದು ಬರೀ ನೇಮವಲ್ಲ, ಹಟ. ಮಗ ವೃಷಭ ಬೀಜ-ಗೊಬ್ಬರದ ಅಂಗಡಿ ಇಟ್ಟಾಗ, ಹುಳ ಸಾಯಿಸುವ ಔಷಧಿಯ ಒಂದು ಡಬ್ಬಿಯೂ ಅಲ್ಲಿ ಕಾಣಕೂಡದು ಎಂದಳು. ರೈತರು ಬೀಜ ಇಲ್ಲಿ ಕೊಂಡು ಔಷಧಿಗೆ ಎದುರಂಗಡಿಗೆ ಹೋದರು, ಮರುವರ್ಷ ಬೀಜವನ್ನೂ ಅಲ್ಲೇ ಕೊಂಡರು. ಅಕ್ಕಮ್ಮನಿಗೆ ಎದುರಾಡುವ ಗಂಡಸು ಆ ಮನೆಯಲ್ಲಿ ಹುಟ್ಟಿಯೇ ಇರಲಿಲ್ಲ ಎನ್ನಬೇಕು.

ಈ ಹಟಮಾರಿ ಸಾಕಿದ ಮೊಮ್ಮಗಳು ಉಜ್ವಲಾ. ಹೆತ್ತ ತಾಯಿ ಕಾಮಾಲೆಯಾಗಿ ತೀರಿಕೊಂಡಾಗ ಹುಡುಗಿಗೆ ಇನ್ನೂ ಹಾಲುಹಲ್ಲು. ಅಂದಿನಿಂದ ತಲೆ ಬಾಚಿದ್ದು, ಸಾಲಿಗೆ ಕಳಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕಮ್ಮನೇ. ಉಜ್ವಲಾ ಅವಳನ್ನು ಆಯಿ ಎಂದು ಕರೆಯುತ್ತಿದ್ದಳು. ನೀರು ಸೋಸುವುದನ್ನು ಕೂಡ ಆಯಿಯೇ ಕಲಿಸಿದ್ದು. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಬೇಕು, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮೆಲ್ಲಗೆ ಬಿಡಬೇಕು, ಕಣ್ಣಿಗೆ ಕಾಣದ ಜೀವಕ್ಕೂ ಅದರ ಮನೆ ಇದೆ. ಹುಡುಗಿ ಇದನ್ನು ಆಟದ ಹಾಗೆ ಕಲಿತಳು.

ವೈದ್ಯಕೀಯ ಓದಲು ಹುಬ್ಬಳ್ಳಿಯಲ್ಲಿ ಸೀಟು ಸಿಕ್ಕಾಗ ಓಣಿಯೆಲ್ಲ ಅಕ್ಕಮ್ಮನಿಗೆ ಬುದ್ಧಿ ಹೇಳಲು ಬಂತು. ಹುಡುಗಿ ಕಪ್ಪೆ ಕೊಯ್ಯಬೇಕಾಗುತ್ತದೆ, ಹೆಣ ಮುಟ್ಟಬೇಕಾಗುತ್ತದೆ, ಹಾಸ್ಟೆಲಿನಲ್ಲಿ ಏನೇನೋ ತಿನ್ನುತ್ತಾರೆ. ಅಕ್ಕಮ್ಮ ಎಲ್ಲರಿಗೂ ಚಹಾ ಕುಡಿಸಿ ಕಳಿಸಿದಳು. ಆಮೇಲೆ ಮೊಮ್ಮಗಳನ್ನು ಬಸದಿಗೆ ಕರೆದುಕೊಂಡು ಹೋಗಿ ತೀರ್ಥಂಕರರ ಮುಂದೆ ನಿಲ್ಲಿಸಿದಳು.

"ಏನ ಬೇಕಾದ್ದು ಕಲಿ. ಇಂಗ್ಲೀಷ್ ಮಾತಾಡು, ಪ್ಯಾಂಟ್ ಹಾಕ್ಕೊ, ನಾ ಏನೂ ಅನ್ನೂದಿಲ್ಲ. ಹೊತ್ತ ಮುಳುಗಿದ ಮ್ಯಾಲ ಮಾತ್ರ ಉಣಬ್ಯಾಡ. ಇದೊಂದ ಇತ್ತಂದ್ರ, ನೀ ಎಷ್ಟ ಬದಲಾದ್ರೂ ನಾ ನಿನ್ನ ಗುರ್ತ ಹಿಡೀತೇನಿ."

ಉಜ್ವಲಾ ಕೈಮುಗಿದು ನೇಮ ತೆಗೆದುಕೊಂಡಳು. ಮನಸ್ಸಿಟ್ಟು ತೆಗೆದುಕೊಂಡಳು, ಮುದುಕಿಯ ಸಮಾಧಾನಕ್ಕೆ ಅಂತ ಅಲ್ಲ.

ಹಾಸ್ಟೆಲಿನ ಊಟದ ಮನೆ ಬಾಗಿಲು ತೆರೆಯುವುದು ರಾತ್ರಿ ಎಂಟಕ್ಕೆ. ಉಜ್ವಲಾ ಸಂಜೆ ಕಾಲೇಜಿನಿಂದ ಓಡಿಬಂದು ಮಂಚದ ಮೇಲೆ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಳು. ಕಿಟಕಿಯಲ್ಲಿ ಬೆಳಕು ನೋಡುತ್ತ ಗಡಬಡಿಸಿ ತಿನ್ನುವುದನ್ನು ಕಂಡು ಗೆಳತಿಯರು ಅವಳಿಗೆ ಸೂರ್ಯಕಾಂತಿ ಎಂದು ಹೆಸರಿಟ್ಟರು. ಅವಳಿಗೆ ಆ ಹೆಸರು ಇಷ್ಟವಾಗಿತ್ತು. ಊರಿನಿಂದ ಬಸ್ಸಿನ ಕಂಡಕ್ಟರ ಕೈಯಲ್ಲಿ ರೊಟ್ಟಿಯ ಗಂಟು ಬರುತ್ತಿತ್ತು. ಸಂಜೆ ಆಯಿಯ ಫೋನು ಬರುತ್ತಿತ್ತು.

"ಉಂಡಿ ಏನವಾ, ಹೊತ್ತ ಇರೂದ್ರಾಗ?"

"ಆತು ಆಯಿ."

ನಾಲ್ಕು ವರ್ಷ ಆ ಮಾತು ಖರೆಯೇ ಇತ್ತು. ಕೊನೆಯ ವರ್ಷ ಡ್ಯೂಟಿ ಶುರುವಾದಾಗ ಸುಳ್ಳಾಯಿತು. ಅವತ್ತು ಮಧ್ಯಾಹ್ನದಿಂದ ಹೆರಿಗೆಯ ವಾರ್ಡಿನಲ್ಲಿ ಒಂದರ ಹಿಂದೆ ಒಂದು ಕೇಸು. ಹೊತ್ತು ಯಾವಾಗ ಮುಳುಗಿತೋ ಅವಳಿಗೆ ತಿಳಿಯಲಿಲ್ಲ, ರೊಟ್ಟಿ ಬ್ಯಾಗಿನಲ್ಲೇ ಉಳಿಯಿತು. ಒಬ್ಬ ಬಾಣಂತಿಗೆ ಹೊಲಿಗೆ ಹಾಕಬೇಕು, ಉಜ್ವಲಾಳ ಕೈ ನಡುಗುತ್ತಿದೆ, ಕಣ್ಣಿಗೆ ಕತ್ತಲೆ ಬರುತ್ತಿದೆ. ಅವಳ ನೇಮ ಗೊತ್ತಿದ್ದ ವಂದನಾ ಎಂಬ ಹಿರಿಯ ನರ್ಸು ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಕೈಗೆ ಚಹಾ ಬಿಸ್ಕೀಟು ಇಟ್ಟಳು.

"ನಿಮ್ಮ ನೇಮಕ್ಕ ಆಕೀ ಹೊಲಿಗಿ ಸೊಟ್ಟ ಆಗಬೇಕೇನ್ರಿ, ಡಾಕ್ಟರ್?"

ಉಜ್ವಲಾ ಚಹಾ ಕುಡಿದಳು. ಬಿಸ್ಕೀಟು ಅದ್ದಿ ತಿಂದಳು. ಒಳಗೆ ಹೋಗಿ ನೀಟಾಗಿ ಹೊಲಿಗೆ ಹಾಕಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಮರುದಿನ ಸಂಜೆ ಆಯಿಯ ಫೋನು ಬಂತು, ಎಂದಿನ ಪ್ರಶ್ನೆ ಬಂತು. "ಆತು ಆಯಿ," ಎಂದಳು. ಅದು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು.

ಆಮೇಲೆ ಅದು ರೂಢಿಯಾಯಿತು. ಓದು ಮುಗಿಸಿ ಜಮಖಂಡಿಯ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು, ವಾರಕ್ಕೆ ಎರಡು ರಾತ್ರಿ ಡ್ಯೂಟಿ, ಉಳಿದ ದಿನ ಯಾವ ಹೊತ್ತಿಗೆ ಬಿಡುವೋ ಆ ಹೊತ್ತಿಗೆ ಊಟ. ಹಾಗಂತ ಅವಳಿಗೆ ತಾನು ಬೇರೆ ಯಾರೋ ಆಗಿದ್ದೇನೆ ಅನ್ನಿಸಲಿಲ್ಲ. ರೂಮಿನಲ್ಲಿ ಒಬ್ಬಳೇ ಇದ್ದರೂ ನೀರು ಸೋಸಿಯೇ ಕುಡಿಯುತ್ತಿದ್ದಳು. ಗಡ್ಡೆ-ಗೆಣಸು ಮುಟ್ಟುತ್ತಿರಲಿಲ್ಲ. ಇರುವೆ ಸಾಲು ಕಂಡರೆ ದಾಟಿ ಕಾಲಿಡುತ್ತಿದ್ದಳು. ರಾತ್ರಿ ಉಣ್ಣಬಾರದೆಂದು ಹಿರಿಯರು ಹೇಳಿದ್ದು ದೀಪಕ್ಕೆ ಬಂದ ಹುಳ ಬಾಯಿಗೆ ಹೋಗಿ ಸಾಯಬಾರದೆಂಬ ಕರುಣೆಯಿಂದ ತಾನೇ, ಉಂಡು ಕೈಗೆ ಬಲ ಬಂದರೆ ಆ ಕರುಣೆಯನ್ನೇ ನಾನು ರೋಗಿಗಳಿಗೆ ತೋರಿಸುತ್ತೇನಲ್ಲ ಎಂದುಕೊಳ್ಳುತ್ತಿದ್ದಳು. ವಾದ ಚೆನ್ನಾಗಿತ್ತು. ಅದನ್ನು ಆಯಿಯ ಮುಂದೆ ಇಡುವ ಧೈರ್ಯ ಮಾತ್ರ ಇರಲಿಲ್ಲ. ಯಾಕೆಂದರೆ ಆಯಿ ಗುರುತು ಹಿಡಿಯುತ್ತೇನೆಂದು ಹೇಳಿದ್ದು ಆ ಒಂದರಿಂದಲೇ.

ಒಂದು ಸಂಜೆ ವೃಷಭ ಅಂಗಡಿಯ ಕೆಲಸಕ್ಕೆ ಜಮಖಂಡಿಗೆ ಬಂದಿದ್ದ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಮಗಳು ಮಿರ್ಚಿ ಭಜಿ ತಿನ್ನುತ್ತಿದ್ದಾಳೆ. ಹೊರಗೆ ಕತ್ತಲೆ. ಉಜ್ವಲಾ ಅಪ್ಪನನ್ನು ಕಂಡು ಕೈಯಲ್ಲಿದ್ದ ಭಜಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತಳು. ವೃಷಭ ಎದುರಿನ ಕುರ್ಚಿ ಎಳೆದ.

"ನನಗೂ ಒಂದ ಚಾ ಹೇಳು."

"ಅಪ್ಪಾ, ನೀನು?"

"ಇಪ್ಪತ್ತ ವರ್ಷದ ಮ್ಯಾಲ ಆತು. ಅಂಗಡಿ ಬಾಗಲಾ ಹಾಕಿ, ಒಂದ ಕಪ್ಪ ಕುಡದs ಮನಿಗೆ ಹೋಗ್ತೇನಿ. ನಿಮ್ಮ ಆಯಿಗೆ ಹೇಳಬ್ಯಾಡ."

ಇಬ್ಬರೂ ನಕ್ಕರು. ಬಹಳ ದಿನಗಳ ಮೇಲೆ ಉಜ್ವಲಾಗೆ ಅವತ್ತು ತಿಂದದ್ದು ಅರಗಿತು.

ಅಕ್ಕಮ್ಮನ ಕಾಲು ಬಾತುಕೊಂಡದ್ದು ಮರುವರ್ಷದ ಬೇಸಗೆಯಲ್ಲಿ. ನಾಲ್ಕು ಹೆಜ್ಜೆ ನಡೆದರೆ ಉಸಿರು ಹತ್ತುತ್ತಿತ್ತು, ದಿಂಬಿನ ಮೇಲೆ ದಿಂಬು ಇಟ್ಟು ಒರಗಿದರಷ್ಟೇ ನಿದ್ದೆ. ಉಜ್ವಲಾ ಬಲವಂತ ಮಾಡಿ ಜಮಖಂಡಿಗೆ ಕರೆದುಕೊಂಡು ಹೋಗಿ ಎದೆಯ ಸ್ಕ್ಯಾನ್ ಮಾಡಿಸಿದಳು. ಪರದೆಯ ಮೇಲೆ ಆಯಿಯ ಹೃದಯ ಕಾಣಿಸಿತು. ದೊಡ್ಡದಾಗಿ, ಸಡಿಲಾಗಿ, ಕೆಲಸವೇ ಬೇಡವೆಂದು ಕೂತ ಆಳಿನ ಹಾಗೆ ಅಲುಗುತ್ತಿತ್ತು. ದೊಡ್ಡ ಡಾಕ್ಟರು ಏನೂ ಹೇಳುವ ಅಗತ್ಯ ಬೀಳಲಿಲ್ಲ, ಅವಳಿಗೇ ಓದಲು ಬರುತ್ತಿತ್ತು. ಅಡ್ಮಿಟ್ ಆಗಲು ಅಕ್ಕಮ್ಮ ಒಪ್ಪಲಿಲ್ಲ. ದವಾಖಾನೆಯಲ್ಲಿ ಯಾರು ತಂದ ನೀರೋ, ಸೋಸಿದರೋ ಇಲ್ಲವೋ. ಉಜ್ವಲಾ ಎಲ್ಲ ಗುಳಿಗೆಗಳನ್ನೂ ಹೊತ್ತು ಹುಟ್ಟಿದ ಮೇಲೆ ಮತ್ತು ಮುಳುಗುವ ಮುಂಚೆ ಬರುವ ಹಾಗೆ ಹೊಂದಿಸಿದಳು. ತನ್ನ ಓದು ಆಯಿಯ ನೇಮಕ್ಕೆ ಒಪ್ಪಿದ್ದು ಅದೊಂದೇ ಕಡೆ, ಆ ಕೆಲಸವನ್ನು ಎಷ್ಟು ಪ್ರೀತಿಯಿಂದ ಮಾಡಿದಳೆಂದರೆ ನೋಡಿದವರ ಕಣ್ಣು ತುಂಬಿ ಬರಬೇಕು.

ಆ ವರ್ಷ ಚಾತುರ್ಮಾಸಕ್ಕೆ ಒಬ್ಬ ಮುನಿ ಮಹಾರಾಜರು ಊರಿಗೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ಇರುತ್ತಾರೆ, ದಿನಕ್ಕೆ ಒಂದೇ ಸಲ ಬೆಳಿಗ್ಗೆ ಆಹಾರಕ್ಕೆ ಹೊರಡುತ್ತಾರೆ, ಯಾರ ಮನೆಗೆ ಎಂದು ಮೊದಲೇ ಹೇಳುವುದಿಲ್ಲ. ಓಣಿಯಲ್ಲಿ ಮನೆಮನೆಯವರು ಮಡಿಯುಟ್ಟು, ಕಳಶ ಹಿಡಿದು, ಬಾಗಿಲಲ್ಲಿ ನಮೋಸ್ತು ಎನ್ನುತ್ತ ನಿಂತಿರಬೇಕು. ಮಹಾರಾಜರು ಮನಸ್ಸಿನಲ್ಲಿ ಏನೋ ಒಂದು ಗುರುತು ಇಟ್ಟುಕೊಂಡು ಮೌನವಾಗಿ ನಡೆದು ಬರುತ್ತಾರೆ, ಅದು ಎಲ್ಲಿ ಕಾಣುತ್ತದೋ ಆ ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಕರೆದು, ಪಾದ ತೊಳೆದು, ಕೊಡುವವರು ಬಾಯಿಬಿಟ್ಟು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ. ನನ್ನ ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ. ಆಮೇಲೆ ಅವರು ನಿಂತಲ್ಲೇ ಬೊಗಸೆ ಒಡ್ಡುತ್ತಾರೆ, ಮೊದಲು ನೀರು ಹಾಕಬೇಕು. ನಡುವೆ ಏನಾದರೂ ದೋಷ ಕಂಡಿತೋ, ಅಂತರಾಯ. ಬೊಗಸೆ ಬಿಟ್ಟು ಹೊರಟುಬಿಡುತ್ತಾರೆ, ಮರುದಿನದವರೆಗೆ ಉಪವಾಸ. ರಾತ್ರಿ ಉಣ್ಣುವವರು ಕೊಡುವ ಹಾಗಿಲ್ಲ ಎಂಬುದು ಓಣಿಯ ಚಿಕ್ಕ ಮಕ್ಕಳಿಗೂ ಗೊತ್ತು.

ಅಕ್ಕಮ್ಮ ಹಿಂದೆ ಎಷ್ಟೋ ಸಲ ಆಹಾರ ಕೊಟ್ಟವಳು. ಈಗ ತಂಬಿಗೆ ಎತ್ತಿದರೆ ಕೈ ನಡುಗಿ ನೀರು ಚೆಲ್ಲುತ್ತದೆ.

"ಈ ಸಲ ನಿನ್ನ ಕೈಲೇ ಆಗಬೇಕು," ಎಂದಳು ಉಜ್ವಲಾಗೆ. "ರಜಾ ಹಾಕು."

"ಎದುರಮನಿ ಸರಿತಾ ಚಿಗವ್ವ ಅದಾಳಲ್ಲ ಆಯಿ. ಆಕೀ ಕೊಡ್ತಾಳ."

"ಆಕೀ ಕೈ ಆಕೀದು. ನಿನ್ನ ಕೈ ಅಂದ್ರ ನಂದು. ನಾ ಹೋಗೂದ್ರಾಗ ಅದನ್ನೊಂದ ನೋಡಬೇಕವಾ. ಮತ್ತೇನೂ ಬ್ಯಾಡ ನನಗ."

ಬೇರೆ ಏನು ಕೇಳಿದ್ದರೂ ಉಜ್ವಲಾ ಕೊಡುತ್ತಿದ್ದಳು. ತನ್ನ ಎದೆಯನ್ನೇ ಕೇಳಿದ್ದರೂ ಬಗೆದು ಕೊಡುವವಳು. ಮುದುಕಿ ಕೇಳಿದ್ದು ಅವಳ ಬಳಿ ಇಲ್ಲದ್ದನ್ನು. ವಾರದ ರಜೆ ಹಾಕಿ ಬಂದಳು. ಬರುವ ದಾರಿಯಲ್ಲಿ ಬನಹಟ್ಟಿಯ ಹತ್ತಿರ ಬಸ್ಸಿನಲ್ಲೇ ಕಣ್ಣೀರು ಬಂತು, ಪಕ್ಕದವಳು ಯಾರು ತೀರಿಕೊಂಡರು ಎಂದು ಕೇಳಿದಳು.

ವೃಷಭ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮಗಳನ್ನು ಕೂಡಿಸಿಕೊಂಡು ಬುದ್ಧಿ ಹೇಳಿದ.

"ಮೂರ ಮಾತ ಅಂದ ಬಿಡು. ಆ ಸಾಲಿನ್ಯಾಗ ನಿಂದರವ್ರ ಎಲ್ಲಾರೂ ಹೊತ್ತ ಇರೂದ್ರಾಗ ಉಣ್ತಾರಂತ ತಿಳದೀ ಏನು? ಅರ್ಧಾ ಮಂದಿನ ನಾನs ಜಮಖಂಡ್ಯಾಗ ಪಾವ್ ಭಾಜಿ ಗಾಡಿ ಮುಂದ ನೋಡೇನಿ. ಅವ್ರೂ ನನ್ನ ನೋಡ್ಯಾರ."

"ಅಪ್ಪಾ, ಅವ್ರಿಗೆ ಅದು ಬರೀ ಮಾತು. ನನಗ ಅಲ್ಲ."

"ಇವತ್ತಿಂದ ಬಿಟ್ಟೆ ಅಂತ ಅನಕೊ. ಆಗ ಸುಳ್ಳ ಆಗೂದಿಲ್ಲ."

"ಮುಂದಿನ ವಾರ ನನಗ ರಾತ್ರಿ ಡ್ಯೂಟಿ ಐತಿ. ಉಣ್ಣಲಾರದ ಮಾಡಾಕ ಆಗೂದಿಲ್ಲ ಅಂತ ನನಗ ಗೊತ್ತೈತಿ. ಗೊತ್ತಿದ್ದೂ ಬಿಟ್ಟೆ ಅಂದ್ರ, ಅದೂ ಸುಳ್ಳs."

ವೃಷಭ ಮಗಳ ಮುಖ ನೋಡಿದ. ಇಷ್ಟು ಓದಿಸಿ ಈ ಹುಡುಗಿಯನ್ನು ತನ್ನ ತಾಯಿಗಿಂತ ಹಟಮಾರಿಯಾಗಿ ಮಾಡಿಬಿಟ್ಟೆನಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಬೀಜದ ಚೀಲ ಎಣಿಸುವ ನೆಪ ಮಾಡಿದ.

ದಿನಾ ಬೆಳಿಗ್ಗೆ ನಿಂತರು. ಅಕ್ಕಮ್ಮ ಬಾಗಿಲ ಪಕ್ಕ ಕುರ್ಚಿಯಲ್ಲಿ, ಕಳಶ ಹಿಡಿದ ಉಜ್ವಲಾ ಮುಂದೆ. ಮಹಾರಾಜರು ನವಿಲುಗರಿಯ ಪಿಂಛಿ ಹಿಡಿದು ತಲೆ ಬಗ್ಗಿಸಿ ಬಂದರು, ಹೋದರು. ಅವರು ದಾಟಿದಾಗಲೆಲ್ಲ ಆಯಿಯ ಮುಖ ಸಣ್ಣದಾಗುತ್ತಿತ್ತು, ಉಜ್ವಲಾಳ ಎದೆಯ ಭಾರ ಇಳಿಯುತ್ತಿತ್ತು, ಇಳಿದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಇವತ್ತಿನ ಗುರುತು ಏನಿತ್ತೋ ಎಂದು ಓಣಿಯ ಹೆಂಗಸರು ಆಮೇಲೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದರು. ಮಹಾರಾಜರು ನಿಲ್ಲದೆ ರಜೆ ಮುಗಿದರೆ ಸಾಕು ಎಂದು ಅವಳು ಅದೇ ತೀರ್ಥಂಕರರನ್ನು ಬೇಡಿಕೊಂಡಳು.

ರಜೆ ಮುಗಿಯಲಿಲ್ಲ, ಮಹಾರಾಜರು ನಿಂತರು.

ಓಣಿಗೆ ಓಣಿಯೇ ಅಕ್ಕಮ್ಮನ ಬಾಗಿಲಿಗೆ ಬಂತು. ಉಜ್ವಲಾ ಪ್ರದಕ್ಷಿಣೆ ಹಾಕಿದಳು, ಒಳಗೆ ಕರೆದಳು, ಪಾದ ತೊಳೆದಳು. ಮುಪ್ಪಿನ ಪಾದ, ಬರಿಗಾಲಲ್ಲಿ ನಡೆದು ನಡೆದು ಹಿಮ್ಮಡಿಯೆಲ್ಲ ಬಿರಿದಿತ್ತು. ಆಯಿಯನ್ನು ಹಿಡಿದುಕೊಂಡು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂಡಿಸಿದ್ದರು. ಅವಳ ಮುಖದಲ್ಲಿ ಅಂಥ ಬೆಳಕನ್ನು ಉಜ್ವಲಾ ಎಂದೂ ಕಂಡಿರಲಿಲ್ಲ, ತಾನು ಡಾಕ್ಟರ್ ಆದ ದಿನವೂ ಕಂಡಿರಲಿಲ್ಲ.

"ಶುದ್ಧಿ ಹೇಳವಾ," ಎಂದಳು ಸರಿತಾ ಹಿಂದಿನಿಂದ.

"ಮನಶುದ್ಧಿ," ಎಂದಳು ಉಜ್ವಲಾ. ಅದು ಖರೆ. ಅವಳ ಮನಸ್ಸಿನಲ್ಲಿ ಆಗ ಆಯಿ ಬಿಟ್ಟು ಬೇರೇನೂ ಇರಲಿಲ್ಲ.

ಮುಂದಿನ ಮಾತು ಬರಲಿಲ್ಲ. ಮಹಾರಾಜರು ಕಾದರು. ಹೆಂಗಸರು ಮೆಲ್ಲಗೆ ಮಾತು ಎತ್ತಿಕೊಟ್ಟರು, ವಚನಶುದ್ಧಿ ಅನ್ನವಾ, ವಚನಶುದ್ಧಿ. ವೃಷಭ ಗೋಡೆ ಹಿಡಿದು ನಿಂತಿದ್ದ. ಬೇರೆಯವರ ಮಗಳಾಗಿದ್ದರೆ ಅಂದುಬಿಡುತ್ತಿದ್ದಳು. ಏನೂ ನಂಬದವಳಾಗಿದ್ದರೂ ಅಂದುಬಿಡುತ್ತಿದ್ದಳು. ಇವಳು ಅಕ್ಕಮ್ಮ ಸಾಕಿದವಳು, ಮುನಿಯ ಮುಂದೆ ಸುಳ್ಳು ಹೇಳಲು ಇವಳ ನಾಲಿಗೆ ಏಳಲಿಲ್ಲ.

"ಇಲ್ರಿ ಮಹಾರಾಜ," ಎಂದಳು. "ನಾ ರಾತ್ರಿ ಉಣ್ತೇನ್ರಿ. ನಮ್ಮ ಆಯಿಗೆ ಇಲ್ಲ ಅಂತ ಸುಳ್ಳ ಹೇಳ್ಕೋತ ಬಂದೇನ್ರಿ."

ಮಹಾರಾಜರ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ಗಳಿಗೆ ಅವಳನ್ನು ನೋಡಿದರು, ಪಿಂಛಿ ಎತ್ತಿ ಆಶೀರ್ವಾದ ಮಾಡಿದರು, ತಿರುಗಿ ಹೊರಟರು. ಅಂತರಾಯವಾಯಿತು. ಆ ಮುದಿಜೀವಕ್ಕೆ ಇನ್ನು ನಾಳೆ ಬೆಳಗಿನವರೆಗೆ ಅನ್ನವಿಲ್ಲ, ನೀರಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಜಾರಿದರು. ಒಲೆಯ ಮೇಲಿನ ಹಾಲು ಹಾಗೇ ಆರುತ್ತಿತ್ತು.

ಉಜ್ವಲಾ ಆಯಿಯ ಕಾಲ ಹತ್ತಿರ ಕೂತಳು. ಬೈಯಲಿ ಎಂದು ಕಾದಳು, ನೇಮ ಮುರಿದದ್ದಕ್ಕೆ ಹೊಡೆಯಲಿ ಎಂದು ಕಾದಳು. ಅಕ್ಕಮ್ಮ ಬಾಗಿಲ ಕಡೆಗೇ ನೋಡುತ್ತ ಹೇಳಿದ ಮಾತು ಮೊಮ್ಮಗಳು ಕನಸಿನಲ್ಲೂ ನೆನೆಸದ್ದು.

"ಇಷ್ಟ ದಿನಾ ನನ್ನ ಮುಂದ ಹೇಳಿದಿ. ಇನ್ನೊಂದ ಸಲ ಹೇಳಾಕ ಆಗಲಿಲ್ಲೇನ ನಿನಗ, ನನ್ನ ಸಲುವಾಗಿ?"

ಆಯಿಗಾಗಿಯೇ ಹೇಳಲಿಲ್ಲ ಎಂದು ಹೇಗೆ ಹೇಳುವುದು? ನೀನು ಕಲಿಸಿದವಳೇ ಆಗಿ ಉಳಿಯಬೇಕೆಂದು ನಿನ್ನ ಕೊನೆಯ ಆಸೆಯನ್ನು ಮುರಿದೆ ಎಂದು ಹೇಳಿದರೆ ಯಾವ ಮುದುಕಿ ಒಪ್ಪುತ್ತಾಳೆ? ಉಜ್ವಲಾ ಅತ್ತಳು. ಅಕ್ಕಮ್ಮ ಅವಳ ತಲೆಯ ಮೇಲೆ ಕೈಯಿಡಲಿಲ್ಲ.

ತನ್ನ ಮನೆಯಲ್ಲಿ ಮುನಿ ಉಪವಾಸ ಬಿದ್ದ ದಿನ ಅಕ್ಕಮ್ಮ ಹೇಗೆ ಉಂಡಾಳು? ಅವಳೂ ನೀರು ಮುಟ್ಟಲಿಲ್ಲ, ಗುಳಿಗೆ ಮುಟ್ಟಲಿಲ್ಲ. ಉಜ್ವಲಾ ಡಾಕ್ಟರಾಗಿ ಹೇಳಿದಳು, ಮೊಮ್ಮಗಳಾಗಿ ಹೇಳಿದಳು, ಏನು ಹೇಳಿದರೂ ಮುದುಕಿ ಗೋಡೆಯ ಕಡೆ ಮುಖ ಮಾಡಿಕೊಂಡಳು. ಸಂಜೆ ಒಂದೇ ಮಾತು ಆಡಿದಳು.

"ನಾಳೆ ನಾನs ನಿಂದರತೇನಿ. ನೀ ಬಾಗಲದಾಗ ಬರಬ್ಯಾಡ."

ಮರುದಿನ ಅಕ್ಕಮ್ಮ ಮಡಿಯುಟ್ಟು ಕಳಶ ಹಿಡಿದು ನಿಂತಳು. ಅದರ ಮರುದಿನವೂ ನಿಂತಳು. ಗುಳಿಗೆ ಮತ್ತೆ ನುಂಗುತ್ತಿದ್ದಳು, ಆದರೆ ವೃಷಭ ಕೊಟ್ಟರೆ ಮಾತ್ರ. ಉಜ್ವಲಾ ರಜೆ ಮುಂದುವರಿಸಿದಳು. ಎದುರಿನ ಸರಿತಾಳ ಕಟ್ಟೆಯ ಮೇಲೆ ಕೂತು ಆಯಿಯನ್ನು ನೋಡುತ್ತಿದ್ದಳು. ಅಲ್ಲಿಂದಲೇ ಬಾವು ಮೊಣಕಾಲಿಗೆ ಏರಿದ್ದು ಕಾಣುತ್ತಿತ್ತು, ತುಟಿ ನೀಲಿಯಾದದ್ದು ಕಾಣುತ್ತಿತ್ತು, ಕುತ್ತಿಗೆಯ ನರ ಉಬ್ಬಿ ಬಡಿಯುವುದು ಕಾಣುತ್ತಿತ್ತು. ಓದಿದ ಓದೆಲ್ಲ ಆ ಒಂದು ದೇಹದಲ್ಲಿ ಪುಟ ಪುಟವಾಗಿ ತೆರೆದಿತ್ತು, ಓಣಿ ದಾಟಿ ಹೋಗಿ ಕೈ ಹಿಡಿಯುವ ಹಾಗಿರಲಿಲ್ಲ. ದವಾಖಾನೆಗೆ ಹೋಗೋಣ ಎಂದು ವೃಷಭ ಕಾಲು ಹಿಡಿದ. ಮಹಾರಾಜರು ನಮ್ಮ ಬಾಗಿಲಲ್ಲಿ ಉಣ್ಣಲಿ, ಆಮೇಲೆ ಎಲ್ಲಿ ಬೇಕಾದರೂ ಒಯ್ಯಿ ಎಂದಳು.

ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು. ಓಣಿಯ ಆ ತುದಿಯಲ್ಲಿ ನಮೋಸ್ತು ನಮೋಸ್ತು ಎಂಬ ದನಿ ಶುರುವಾದಾಗ ಅಕ್ಕಮ್ಮನ ಕೈಯಿಂದ ಕಳಶ ಜಾರಿತು. ಅವಳು ಬಾಗಿಲಿನ ಚೌಕಟ್ಟಿಗೆ ಒರಗಿ ಮೆಲ್ಲಗೆ ಹೊಸ್ತಿಲ ಮೇಲೆ ಕುಸಿದಳು.

ಉಜ್ವಲಾ ಓಡಿದಳು. ಕೈ ಚಾಚಿದಳು.

"ಮುಟ್ಟಬ್ಯಾಡ," ಎಂದಳು ಆಯಿ, ಕಣ್ಣು ಅರ್ಧ ಮುಚ್ಚಿ. "ಮಡಿ ಅದೇನಿ. ಮಹಾರಾಜರ ಬರೂದೈತಿ ಇನ್ನ."

ಉಜ್ವಲಾ ಮುಟ್ಟಿದಳು. ಮಣಿಕಟ್ಟು ಹಿಡಿದಳು, ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿಕೊಂಡಳು. ಆಯಿ ಕೈ ಬಿಡಿಸಿಕೊಳ್ಳಲು ನೋಡಿದಳು, ಬಲವಿರಲಿಲ್ಲ. ನಾಡಿ ಸಿಗುತ್ತಿತ್ತು, ತಪ್ಪುತ್ತಿತ್ತು. ವೃಷಭ ಅಂಬ್ಯುಲನ್ಸಿಗೆ ಫೋನು ಮಾಡುತ್ತ ರಸ್ತೆಯ ಕಡೆ ಓಡಿದ. ರಬಕವಿಯಿಂದ ಬರಬೇಕು ಎಂದರು. ಬಂದರೂ ಏನೂ ಉಪಯೋಗವಿಲ್ಲವೆಂದು ಅವಳ ಬೆರಳಿಗೆ ಆಗಲೇ ತಿಳಿದಿತ್ತು.

ಮಹಾರಾಜರು ಬಂದರು. ಹೊಸ್ತಿಲ ಮೇಲೆ ಬಿದ್ದ ಮುದುಕಿಯನ್ನು ಕಂಡು ನಡಿಗೆ ನಿಧಾನ ಮಾಡಿದರು. ಪಿಂಛಿ ಎತ್ತಿದರು. ಉರುಳಿದ ಕಳಶ ಇದ್ದ ಬಾಗಿಲಲ್ಲಿ ಅವರು ನಿಲ್ಲುವ ಹಾಗಿರಲಿಲ್ಲ. ಮುಂದೆ ನಡೆದರು. ಓಣಿಯ ಕೊನೆಯಲ್ಲಿ ಬೇರೆ ಯಾರದೋ ಮನೆಯ ಮುಂದೆ ನಮೋಸ್ತು ಎಂಬ ದನಿ ಜೋರಾಯಿತು, ಅಲ್ಲಿ ನಿಂತರು.

ಆಯಿಗೆ ಕಣ್ಣು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿರಬೇಕು.

"ನಿಂತ್ರೇನ?"

ಉಜ್ವಲಾ ಬಾಗಿಲ ಮುಂದಿನ ಖಾಲಿ ಜಾಗವನ್ನು ನೋಡಿದಳು.

"ನಿಂತಾರ ಆಯಿ. ನಮ್ಮ ಬಾಗಲದಾಗs ನಿಂತಾರ."

"ಶುದ್ಧಿ ಹೇಳು. ಅವ್ರನ್ನ ಕಾಯಿಸಬ್ಯಾಡ."

"ಮನಶುದ್ಧಿ," ಎಂದಳು ಉಜ್ವಲಾ, ಆಯಿಗೆ ಕೇಳುವ ಹಾಗೆ. "ವಚನಶುದ್ಧಿ. ಕಾಯಶುದ್ಧಿ." ಒಂದು ಅಕ್ಷರವೂ ತಡವರಿಸಲಿಲ್ಲ.

"ನೀರ ಹಾಕು. ಸಾವಕಾಶ."

ಒಳಗಿನಿಂದ ಸೋಸಿದ ನೀರಿನ ತಂಬಿಗೆಯನ್ನು ಸರಿತಾ ತಂದುಕೊಟ್ಟಳು, ಅಳು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಉಜ್ವಲಾ ಒಂದು ಕೈಯಲ್ಲಿ ಆಯಿಯನ್ನು ಹಿಡಿದುಕೊಂಡೇ ಸರಿತಾಳ ಬೊಗಸೆಗೆ ನೀರು ಸುರಿದಳು. ಮೇಲಿನಿಂದ, ಸಣ್ಣ ಧಾರೆಯಾಗಿ, ಸದ್ದು ಆಯಿಯ ಕಿವಿಗೆ ಬೀಳಲೆಂದು. ನೀರು ಬೊಗಸೆ ತುಂಬಿ ಹೊಸ್ತಿಲ ಮೇಲೆ ಹರಿಯಿತು. ಅಕ್ಕಮ್ಮನ ಮುಖಕ್ಕೆ ಅವತ್ತಿನ ಬೆಳಕು ಮರಳಿ ಬಂತು.

"ಕುಡದ್ರ?"

"ಕುಡದ್ರು ಆಯಿ."

ಅಕ್ಕಮ್ಮ ಕೈಯೆತ್ತಿ ಮೊಮ್ಮಗಳ ತಲೆ ಸವರಲು ಹೋದಳು. ಕೈ ಅರ್ಧ ದಾರಿಗೆ ಬಂದು ಇಳಿಯಿತು. ಉಜ್ವಲಾ ನೀರು ಸುರಿಯುತ್ತಲೇ ಇದ್ದಳು, ತಂಬಿಗೆ ಖಾಲಿಯಾಗುವವರೆಗೆ.